ಮಾರೆಪ್ಪನ ಹೆಸರಿನಲ್ಲಿ ಕೂತವರು

ಫೆಬ್ರವರಿ 9, ಸೋಮವಾರ

ಶ್ರೀಮತ್ ಸಕಲ ಸದ್ಗುಣ ಸಂಪನ್ನ, ಮುನ್ನೂರ ಅರವತ್ತೈದು ಪುಟಮಂಡಿತ, ರೆಕ್ಸಿನ್ ಕವಚ ವಿಭೂಷಿತ, ಹತ್ತಿಬೀಜದ ಅಂಗಡಿಯವರಿಂದ ನಮ್ಮಪ್ಪನಿಗೆ ಪುಕ್ಕಟೆ ದಯಪಾಲಿಸಲ್ಪಟ್ಟು ಆತನ ಕಪಾಟಿನಿಂದ ನನ್ನಿಂದ ಅಪಹರಿಸಲ್ಪಟ್ಟ ಡೈರಿ ಮಹಾಪ್ರಭುಗಳ ಪಾದಾರವಿಂದಗಳಿಗೆ, ಮಾನ್ವಿ ರೈಸ್‌ಮಿಲ್ ವಂಶೋದ್ಭವೆ, ರಾಯಚೂರು ಸ್ಟೇಷನ್ ರಸ್ತೆಯ ಮೂರನೇ ಮಹಡಿಯ ಸಿಂಹಾಸನಾಧೀಶ್ವರಿ, ಆಫೀಸಿನ ಸಕ್ಕರೆ ಡಬ್ಬಿಗೆ ಉಪ್ಪು ತುಂಬುವ ವಿದ್ಯೆಯಲ್ಲಿ ಅದ್ವಿತೀಯಳಾದ ಕುಮಾರಿ ಅನುರಾಧಾ, ವಯಸ್ಸು ಇಪ್ಪತ್ಮೂರು, ಮಾಡುವ ಸಾಷ್ಟಾಂಗ ಬಿನ್ನಹ.

ಬಿನ್ನಹದ ಸಾರಾಂಶ: ನನ್ನ ಮೇಜಿನ ಮೇಲೆ ಒಂದು ಯಂತ್ರ ಕೂತಿದೆ. ಸುಳ್ಳು ಹೇಳುತ್ತಿರುವುದು ಅದೋ ಮಾರೆಪ್ಪನೋ ತಿಳಿಯಬೇಕಾಗಿದೆ.

ವಿವರ ಹೀಗಿದೆ, ಪ್ರಭುಗಳೇ. ನಮ್ಮದು ಐದು ಜನರ ಕಂಪನಿ. ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ನಾವು ಒಂದು ಡಬ್ಬಿ ಕೂರಿಸುತ್ತೇವೆ. ಹೊತ್ತಿಗೆ ಸರಿಯಾಗಿ ವಾಲ್ವ್ ತೆರೆಯುವುದು, ಮುಚ್ಚುವುದು, ಯಾರು ಯಾವಾಗ ಏನು ಮಾಡಿದರೆಂದು ಬರೆದಿಟ್ಟುಕೊಳ್ಳುವುದು ಅದರ ಕಾಯಕ. ವಾಟರ್‌ಮನ್ ತನ್ನ ನಂಬರ್ ಒತ್ತಿ ಬೀಗ ಹಾಕಿದನೆಂದರೆ, ಅವನೇ ಬಂದು ತೆಗೆಯುವ ತನಕ ಸಾಕ್ಷಾತ್ ಬ್ರಹ್ಮನೇ ಆಜ್ಞೆ ಕಳಿಸಿದರೂ ವಾಲ್ವ್ ಅಲುಗಬಾರದು.

ಕಳೆದ ಬುಧವಾರ ಜಾಲಹಳ್ಳಿಯಾಚೆಯ ಒಂದೂರಿನಲ್ಲಿ ವಾಟರ್‌ಮನ್ ಮಾರೆಪ್ಪ ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಬೀಗ ಹಾಕಿ, ಬ್ಲೀಚಿಂಗ್ ಪೌಡರ್ ಹಿಡಿದು ಟ್ಯಾಂಕಿ ತೊಳೆಯಲು ಮೇಲೆ ಹತ್ತಿದ. ಆರು ಹನ್ನೆರಡಕ್ಕೆ ವಾಲ್ವ್ ತೆರೆಯಿತು. ಪೌಡರ್ ಕಲಸಿದ ನೀರೆಲ್ಲ ನಳಗಳಿಗೆ ಹೋಯಿತು. ಹತ್ತೊಂಬತ್ತು ಮಂದಿ ವಾಂತಿ ಮಾಡಿಕೊಂಡು ದೇವದುರ್ಗದಲ್ಲಿ ಆಸ್ಪತ್ರೆ ಸೇರಿದರು. ಎಲ್ಲರೂ ಮನೆಗೆ ಮರಳಿದ್ದಾರೆ. ಆದರೆ ಡಬ್ಬಿಯ ದಾಖಲೆ ‘ತೆರೆದವರು: ಮಾರೆಪ್ಪ’ ಎನ್ನುತ್ತಿದೆ. ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮಾರ್ಚ್ ಎರಡಕ್ಕೆ ದೇವದುರ್ಗದಲ್ಲಿ ವಿಚಾರಣೆ.

ನಮ್ಮ ಮಾಲೀಕರಾದ ಶಂಭುಲಿಂಗಪ್ಪನವರು ಹಣೆತುಂಬ ವಿಭೂತಿ ಧರಿಸಿ ಬಂದು ನನ್ನ ಮುಂದೆ ನಿಂತರು.

“ಅನುರಾಧಾ, ಡಬ್ಬಿ ಚಂದಗ ನೋಡವ್ವಾ. ನೋಡಿ, ಏನೂ ತಪ್ಪಿಲ್ಲ ಅಂತ ಬರಿ.”

“ಹಂಗಾರ ನೋಡೂದ್ಯಾಕ್ರಿ ಅಪ್ಪಾರ, ಈಗ ಬರದು ಕೊಡ್ತೀನಿ.”

“ಛೇ ಛೇ, ನೋಡಿ ಬರಿ. ಸುಳ್ಳು ಬರೀಬಾರ್ದು.”

ಫೆಬ್ರವರಿ 11, ಬುಧವಾರ

ಕರ್ನಲ್ ಎಂಬುದರ ಮಹಿಮೆಯನ್ನು ಪ್ರಭುಗಳಿಗೆ ಅರಿಕೆ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಅದು ಯಂತ್ರವನ್ನು ಆಳುವ ಮೂಲ ತಂತ್ರಾಂಶ, ಯಂತ್ರದೊಳಗಿನ ತಹಸೀಲು ಕಚೇರಿಯ ಗುಮಾಸ್ತ. ಉಳಿದ ತಂತ್ರಾಂಶಗಳೆಲ್ಲ ಕಂಬಿಯಾಚೆ ನಿಂತು ಅರ್ಜಿ ಕೊಡಬೇಕು. ಯಾರು ಯಾರೆಂದು ಗುರುತಿಸುವವನು ಅವನೇ, ಯಾರಿಗೆ ಏನು ಕೊಡಬೇಕೆಂದು ನಿರ್ಧರಿಸುವವನೂ ಅವನೇ. ಅವನೇ ಹಾದಿ ತಪ್ಪಿದರೆ ದೂರು ಕೊಡಲು ಮೇಲೆ ಯಾರೂ ಇಲ್ಲ. ಈ ಗುಮಾಸ್ತನನ್ನು ಬರೆದವರು ನಾವಲ್ಲ. ಲೋಕದ ನಾನಾ ದೇಶದವರು ಕೂಡಿ ಬರೆದದ್ದು, ಎಲ್ಲರಿಗೂ ಬಿಟ್ಟಿ. ನಮ್ಮ ಡಬ್ಬಿಯಂಥ ಎಷ್ಟೋ ಕೋಟಿ ಯಂತ್ರಗಳಲ್ಲಿ ಕೂತಿದ್ದಾನೆ.

ಆ ಬುಧವಾರದ ಬೆಳಗನ್ನು ಇವತ್ತು ನಾನೂರ ಹನ್ನೆರಡು ಸಲ ಮತ್ತೆ ನಡೆಸಿದೆ. ಮಾರೆಪ್ಪನ ನಂಬರ್ ಒತ್ತು, ಬೀಗ ಹಾಕು, ಕಾಯಿ. ವಾಲ್ವ್ ಒಂದು ಸಲವೂ ತೆರೆಯಲಿಲ್ಲ. ಹಾಗಾದರೆ ಮಾರೆಪ್ಪನೇ ಸುಳ್ಳುಗಾರ.

ಬೇಸರ ಕಳೆಯಲು ಪಕ್ಕದ ಮೇಜಿನ ಯಾಸ್ಮೀನ್ ಅಕ್ಕನ ಪರದೆಯ ಚಿತ್ರವನ್ನು ತಲೆಕೆಳಗು ಮಾಡಿಟ್ಟೆ. ಆಕೆ ಹತ್ತು ವರ್ಷದಿಂದ ಕರ್ನಲ್ಲಿನ ಹರಕು ಹೊಲಿಯುತ್ತಿರುವವಳು. ಮಾನಿಟರ್ ಎತ್ತಿ ತಲೆಕೆಳಗೆ ಇಟ್ಟುಕೊಂಡು, ಏನೂ ಆಗದವಳಂತೆ ಸಂಜೆಯ ತನಕ ಕೆಲಸ ಮಾಡಿದಳು. ಸೋಲೊಪ್ಪಿದ್ದೇನೆ.

ಫೆಬ್ರವರಿ 13, ಶುಕ್ರವಾರ

ಡಂಗುರ ಸಾರಿರಿ! ತೂತು ಸಿಕ್ಕಿತು!

ದಿನಾ ಬೆಳಿಗ್ಗೆ ಆರು ಹನ್ನೆರಡಕ್ಕೆ ಈ ಆಫೀಸಿನಿಂದ ಎಲ್ಲ ಡಬ್ಬಿಗಳಿಗೂ ‘ವಾಲ್ವ್ ತೆರೆ’ ಎಂಬ ಆಜ್ಞೆ ತಾನಾಗಿ ಹೋಗುತ್ತದೆ. ಅದನ್ನು ನಾನು ಪರೀಕ್ಷೆಯಲ್ಲಿ ಸೇರಿಸಿಯೇ ಇರಲಿಲ್ಲ, ಬೀಗ ಹಾಕಿದ ಮೇಲೆ ಅದಕ್ಕೆ ಬೆಲೆಯಿಲ್ಲವಲ್ಲ ಎಂದು. ಇವತ್ತು ಸೇರಿಸಿದೆ. ಇನ್ನೂರ ಆರನೇ ಸಲಕ್ಕೆ ಟಕ್ ಎಂದು ವಾಲ್ವ್ ತೆರೆಯಿತು. ದಾಖಲೆಯಲ್ಲಿ: ಮಾರೆಪ್ಪ.

ಪ್ರಭುಗಳು ದೇವದುರ್ಗದ ಬಸ್ಸು ಹತ್ತಿರಬಹುದು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತೇವಷ್ಟೆ? ಟವೆಲಿನವನು ಕಲ್ಮಲದಲ್ಲಿ ಇಳಿದ, ಟವೆಲ್ ಮರೆತ. ಖಾಲಿ ಸೀಟಿನಲ್ಲಿ ಮತ್ತೊಬ್ಬ ಬಂದು ಕೂತ. ಕಂಡಕ್ಟರ್ ಮುಖ ನೋಡುವುದಿಲ್ಲ, ಟವೆಲ್ ನೋಡುತ್ತಾನೆ. ಕೂತವನನ್ನೂ ಮೊದಲಿನವನೆಂದೇ ತಿಳಿಯುತ್ತಾನೆ. ನಮ್ಮ ಗುಮಾಸ್ತ ಮಹಾಶಯನೂ ಹಾಗೆಯೇ. ಮಾರೆಪ್ಪ ಬೀಗ ಹಾಕಿ ಟ್ಯಾಂಕಿ ಹತ್ತಿದ, ಗುರುತಿನ ಟವೆಲ್ ಹಾಗೇ ಉಳಿಯಿತು. ಏಳು ನಿಮಿಷದ ನಂತರ ಆಫೀಸಿನ ಆಜ್ಞೆ ಬಂದು ಅದೇ ಜಾಗದಲ್ಲಿ ಕೂತಿತು. ‘ಓಹೋ, ಬೀಗ ಹಾಕಿದವನೇ ತೆಗೆಯಲು ಬಂದಿದ್ದಾನೆ’ ಎಂದು ಗುಮಾಸ್ತ ತೆರೆದುಬಿಟ್ಟ.

ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಯಾಸ್ಮೀನ್ ಅಕ್ಕ ಕುಣಿಯಲಿಲ್ಲ. ಕೋಡನ್ನು ಎರಡು ಸಲ ಓದಿದಳು.

“ಇಳಿ ಕೆಳಗ. ಇದು ನಮ್ಮ ಕೋಡಲ್ಲ, ಕರ್ನಲ್‌ದ್ದು. ಇದನ್ನ ಹಿಡಕೊಂಡು ಬೇಕಾದಾವ ಬೇಕಾದವರ ಹೆಸರಿನ್ಯಾಗ ಕುಂದ್ರಬಹುದು. ಎಲ್ಲಾ ಕಡೆ.”

“ಅಂದ್ರ ಮಾರೆಪ್ಪಂದು ತಪ್ಪಿಲ್ಲಲ್ಲಕ್ಕಾ?”

“ಇಲ್ಲ. ಆದ್ರ ಅಂವ ಒಬ್ಬನ ಸಲುವಾಗಿ ಇವತ್ತ ಒದರಿದಿ ಅಂದ್ರ ಕಳ್ಳರಿಗೆ ಕೀಲಿ ಕೊಟ್ಟಂಗ. ಮೊದಲ ಕರ್ನಲ್ ಕಾಯೋರಿಗೆ ಗುಪ್ತವಾಗಿ ಬರಿ.”

ಬರೆದೆ. ‘ಮಹಾಶಯರೇ, ತಮ್ಮ ಗುಮಾಸ್ತ ಮುಖ ನೋಡುವುದಿಲ್ಲ’ ಎಂದು ಶುರು ಮಾಡಿದ್ದೆ. ಅಕ್ಕ ಅಳಿಸಿದಳು.

ಫೆಬ್ರವರಿ 16, ಸೋಮವಾರ

ಸಪ್ತಸಮುದ್ರದಾಚೆಯ ಪಂಡಿತರಿಂದ ಉತ್ತರ ಬಂದಿದೆ. ತೂತು ಖರೆಯಂತೆ. ತೇಪೆ ಹಚ್ಚುವ, ಅಂದರೆ ಆ ಕೋಡು ತಿದ್ದುವ, ಮಹತ್ಕಾರ್ಯ ನನ್ನದೇ. ತೇಪೆ ಲೋಕಕ್ಕೆ ಬಿಡುಗಡೆಯಾಗುವುದು ಮಾರ್ಚ್ ಒಂಬತ್ತಕ್ಕೆ. ಅಲ್ಲಿಯ ತನಕ ನರಪಿಳ್ಳೆಗೂ ಹೇಳಕೂಡದೆಂಬ ಘೋರ ವ್ರತ.

ಮಾರ್ಚ್ ಎರಡಕ್ಕೆ ವಿಚಾರಣೆ. ಮಾರ್ಚ್ ಒಂಬತ್ತಕ್ಕೆ ಬಿಡುಗಡೆ. ನಡುವೆ ಏಳು ದಿನ. ವಿಚಾರಣೆಯೊಳಗೆ ಏನಾದರೂ ಒಂದು ದಾರಿ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ನಾನೇನು ಮಾಡಲಿ, ವ್ರತ ವ್ರತವೇ.

ಇನ್ನು ಮೇಲೆ ಆಫೀಸಿನಲ್ಲಿ ನಾನು ಮೌನಿಬಾಬಾ.

ಫೆಬ್ರವರಿ 18, ಬುಧವಾರ

ಬದಲಿಗೆ ಕೂರಿಸಿದ ಡಬ್ಬಿಯ ದಾಖಲೆ ಬೇಕಿತ್ತು, ಮಾರೆಪ್ಪನ ಊರಿಗೇ ಹೋಗಬೇಕಾಯಿತು. ದೇವದುರ್ಗದಲ್ಲಿ ಬಸ್ಸು ಬದಲಿಸಿ ಜಾಲಹಳ್ಳಿ, ಅಲ್ಲಿಂದ ಟಂಟಂ ಆಟೊ. ಅವನು ಕಣ್ಣಿಗೆ ಬೀಳದಿರಲಿ ಎಂದುಕೊಂಡು ಹೋದೆ. ಟ್ಯಾಂಕಿಯ ಬುಡದಲ್ಲಿ ಅವನೇ ಕೂತಿದ್ದ. ಕೆಲಸವಿಲ್ಲದಿದ್ದರೂ ದಿನಾ ಬಂದು ಕೂರುತ್ತಾನಂತೆ. ಐವತ್ತು ದಾಟಿದ ಮನುಷ್ಯ, ಸಣಕಲು.

“ಬಾರವ್ವಾ. ಡಬ್ಬಿ ಏನಂತಂತ? ನನ್ನ ಮ್ಯಾಲ ಇನ್ನೂ ಸಿಟ್ಟು ಅದನೇನು?”

ಪರೀಕ್ಷೆ ನಡೆದಿದೆ ಎಂದೆ.

“ನಾ ಬಂದ್ ಮಾಡೇ ಮ್ಯಾಲ ಹತ್ತೀನಿ. ಮ್ಯಾಲ ಬ್ರಶ್ ಹಿಡಕೊಂಡು ಕುಂತಾಂವ ಕೆಳಗ ಬಂದು ಹೆಂಗ ತೆಗೀಲಿ? ನನಗೇನು ಹನುಮಪ್ಪನ ಬಾಲ ಅದನಾ?”

ನಕ್ಕುಬಿಟ್ಟೆ. ಅವನೂ ನಕ್ಕ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತೋರಿಸಿದ. ಡಬ್ಬಿ ಬರುವ ಮೊದಲು ಅಲ್ಲೊಂದು ವಾಲ್ವಿನ ಚಕ್ರ ಇತ್ತಂತೆ. ಟ್ಯಾಂಕಿ ತೊಳೆಯುವ ದಿನ ಚಕ್ರಕ್ಕೆ ಈ ಟವೆಲ್ ಕಟ್ಟಿ ಮೇಲೆ ಹತ್ತುತ್ತಿದ್ದನಂತೆ.

“ಇಪ್ಪತ್ತೆರಡು ವರ್ಷ, ಒಂದು ಹುಡುಗ ಸುದ್ದಾ ಮುಟ್ಟಿಲ್ಲ ನೋಡು. ಮಾರೆಪ್ಪನ ಟವೆಲ್ ಅದ ಅಂದ್ರ ಮಾರೆಪ್ಪ ಮ್ಯಾಲ ಅದಾನ ಅಂತ. ನಿಮ್ಮವರು ಚಕ್ರ ಕಿತ್ತಿ ಒಯ್ದ್ರು. ಡಬ್ಬಿಗೆ ಎಲ್ಲಿ ಕಟ್ಲಿ?”

ವಾಂತಿ ಮಾಡಿಕೊಂಡ ಹತ್ತೊಂಬತ್ತು ಮಂದಿಯಲ್ಲಿ ಅವನ ಮಗಳು ಸವಿತಾನೂ ಒಬ್ಬಳು. ನಾವು ಮಾತಾಡುವಾಗ ಇಬ್ಬರು ಹೆಂಗಸರು ನಳಕ್ಕೆ ಬಂದರು. ಅವನನ್ನು ನೋಡಿ ಖಾಲಿ ಕೊಡ ಎತ್ತಿಕೊಂಡು ತಿರುಗಿ ಹೋದರು. ಅವನು ಅವರ ಹಿಂದೆ ನೋಡಲಿಲ್ಲ. ನನಗೆ ಹೇಳಿದ:

“ಕೂಲಿ ಎಲ್ಲೆರೆ ಸಿಗ್ತದ ಬಿಡವ್ವಾ. ಊರಿಗೆ ಇಸ ಕುಡಿಸ್ಯಾನ ಅನ್ನೂದೊಂದು ಹೋಗ್ಲಿ. ನಿನ್ನ ಡಬ್ಬಿ ಅಷ್ಟು ಬರದು ಕೊಟ್ರ ಸಾಕು.”

ನಾಲಿಗೆಯ ತುದಿಗೆ ಬಂದಿತ್ತು. ವ್ರತ. ಟಂಟಂ ಬಂತು, ಹತ್ತಿದೆ.

ಫೆಬ್ರವರಿ 21, ಶನಿವಾರ

ಪಂಡಿತರಿಂದ ಮೊದಲ ತೇಪೆ ವಾಪಸು. ‘ಟವೆಲ್ ತೆಗೆದಿದ್ದೀರಿ, ಸರಿ. ಒಂದೇ ಹೊತ್ತಿಗೆ ಇಬ್ಬರು ಹತ್ತಿದರೆ ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಾರೆ’ ಎಂಬರ್ಥದ ಟಿಪ್ಪಣಿ. ಸಭ್ಯವಾಗಿತ್ತು. ಅದೇ ಹೆಚ್ಚು ಉರಿಯಿತು.

ಎರಡನೆಯದೂ ವಾಪಸು. ಎಂಬತ್ತು ಸಾಲು ಬರೆದಿದ್ದೆ. ಇಷ್ಟೊಂದು ಯಾಕೆ ಎಂದು ಕೇಳಿದ್ದಾರೆ.

ಫೆಬ್ರವರಿ 24, ಮಂಗಳವಾರ

ಮೂರನೆಯದು ನಾನೇ ವಾಪಸು ತೆಗೆದುಕೊಂಡೆ. ಅದರೊಳಗೆ ಹೊಸ ತೂತು ಇತ್ತು.

ಫೆಬ್ರವರಿ 25, ಬುಧವಾರ

ಯಾಸ್ಮೀನ್ ಅಕ್ಕ ಚಹಾ ತಂದಿಟ್ಟಳು.

“ಲೇ, ಆರಾಮ ಅದಿಯಿಲ್ಲ?”

“ಯಾಕಕ್ಕಾ?”

“ಎಂಟು ದಿನ ಆತು, ಸಕ್ಕರಿ ಡಬ್ಯಾಗ ಸಕ್ಕರಿನೇ ಅದ.”

ನನ್ನ ಗಮನಕ್ಕೇ ಬಂದಿರಲಿಲ್ಲ. ನಾಳೆ ಏನಾದರೂ ಮಾಡಬೇಕು.

ಆಕೆ ಹೋಗಲಿಲ್ಲ, ನಿಂತೇ ಇದ್ದಳು. “ವಿಚಾರಣಿ ಎರಡನೇ ತಾರೀಕು ಅದ ಅಂತ ಅವರಿಗೆ ಬರದೀಯೇನು? ಒಬ್ಬನ ಮರ್ಯಾದಿ ಹೋಗಾಕತ್ತದ, ಜಲ್ದಿ ಬಿಡ್ರಿ ಅಂತ ಕೇಳು. ಅವರೇನು ಕಲ್ಲಲ್ಲ.”

“ಕೇಳೀನಕ್ಕಾ. ಆಗಂಗಿಲ್ಲ ಅಂದ್ರು.”

“ಹಂಗ ಅಂದ್ರಾ?”

“ಹೂಂ.”

ಚಹಾ ಆರಿತ್ತು.

ಫೆಬ್ರವರಿ 27, ಶುಕ್ರವಾರ

ಶಂಭುಲಿಂಗಪ್ಪನವರು ವರದಿ ಕೇಳಿದರು. ತಪ್ಪಿದೆ ಎಂದೆ, ಎಲ್ಲಿ ಎಂದು ಹೇಳುವಂತಿಲ್ಲ ಎಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸುತ್ತ ಕೂತರು.

“ನಮ್ಮ ಡಬ್ಬಿದಾ?”

“ಅಲ್ರಿ. ಲೋಕದ್ದು.”

“ಲೋಕದ್ದು ಅಂದ್ರ ಲೋಕ ಹೇಳ್ಬೇಕವ್ವಾ. ನಾವು ಹೇಳಿದ್ರ, ಮೈಮ್ಯಾಲ ಬಂದದ್ದು ಜಾಡಿಸ್ಯಾರ ಅಂತಾರ. ಬಹಿರಂಗ ಆದ ಒಂದು ಕಾಗದ ಕೊಡು, ನಾನೇ ಆ ಮಾರೆಪ್ಪನ ಕೈ ಹಿಡಕೊಂಡು ಸಾಹೇಬ್ರ ಮುಂದ ನಿಂದ್ರತೀನಿ. ಸೋಮವಾರದೊಳಗ ಸಿಗ್ತದೇನು?”

ಇಲ್ಲ ಎಂದೆ.

“ಹಂಗಾರ ಸುಳ್ಳೂ ಬರೀಬ್ಯಾಡ, ಖರೇನೂ ಬರೀಬ್ಯಾಡ. ನಿನಗ ಬರ್ತದಲ್ಲ, ಅಂಥದ್ದು.”

ನಾಲ್ಕನೇ ತೇಪೆ ಕಳಿಸಿದ್ದೇನೆ.

ಮಾರ್ಚ್ 2, ಸೋಮವಾರ

ದೇವದುರ್ಗ. ಉದ್ದ ಮೇಜು, ಐದು ಕುರ್ಚಿ, ಮಾರೆಪ್ಪನಿಗೆ ಕುರ್ಚಿ ಇಲ್ಲ. ಒಗೆದ ಅಂಗಿ ಹಾಕಿಕೊಂಡು ಗೋಡೆಗೆ ನಿಂತಿದ್ದ. ಸವಿತಾ ಬಾಗಿಲ ಹೊರಗೆ.

ನಾನು ನನ್ನ ವಾಕ್ಯ ಓದಿದೆ. “ಸದರಿ ಉಪಕರಣದಲ್ಲಿ ಈ ದಿನಾಂಕದವರೆಗೆ ಬಹಿರಂಗವಾಗಿ ದಾಖಲಾಗಿರುವ ಯಾವುದೇ ದೋಷವು ಕಂಡುಬಂದಿರುವುದಿಲ್ಲ.” ವಾಕ್ಯ ಚೆನ್ನಾಗಿತ್ತು. ಅಕ್ಷರ ಅಕ್ಷರವೂ ನಿಜ. ಈ ಭಾಷೆಯಲ್ಲಿ ನಾನು ಎಷ್ಟು ಜನರನ್ನು ನಗಿಸಿಲ್ಲ?

ಅಧಿಕಾರಿ ತಲೆಯೆತ್ತಿದರು. “ಅಂದ್ರ ಡಬ್ಬಿ ಸರಿ ಅದ?”

“ದಾಖಲಾದ ದೋಷ ಇಲ್ರಿ.”

“ಅಂದ್ರ ಸರಿ ಅದ. ಬರಕೋರಿ.”

ಮಾರೆಪ್ಪ ಕೈ ಎತ್ತಿದ, ಸಾಲೆಯ ಹುಡುಗನ ಹಾಗೆ. “ಸಾಹೇಬ್ರ, ಆ ಅವ್ವ ಓದಿದ್ದು ನನಗ ತಿಳೀಲಿಲ್ರಿ. ನಾ ತೆಗ್ದೀನಿ ಅಂತ ಅಂದ್ರೇನ್ರಿ ಅವರು?”

ಅಧಿಕಾರಿ ಮುಂದಿನ ಹಾಳೆ ತಿರುವಿದರು. ಅವನು ನನ್ನ ಕಡೆ ನೋಡಿದ. ನಾನು ಕಾಗದ ಮಡಚುತ್ತಿದ್ದೆ.

ಕೆಲಸದಿಂದ ತೆಗೆದಿದ್ದಾರೆ. ‘ನಿರ್ಲಕ್ಷ್ಯದಿಂದ ಸಾರ್ವಜನಿಕರ ಜೀವಕ್ಕೆ ಅಪಾಯ’ ಎಂದು ಆದೇಶ. ಹೊರಗೆ ಸವಿತಾ ನನ್ನನ್ನು ತಡೆದಳು. ಹದಿನೆಂಟಿರಬಹುದು.

“ಅಕ್ಕಾರ, ನೀವು ಓದಿದ್ದು ಒಂದು ಸಲ ನನಗ ಬಿಡಿಸಿ ಹೇಳ್ರಿ.”

ಬಸ್ಸು ಹೊರಟಿತ್ತು. ಅದನ್ನೇ ಹೇಳಿದೆ: ಬಸ್ಸು ಹೊರಟಿತು.

ಮಾರ್ಚ್ 4, ಬುಧವಾರ

ನಾಲ್ಕನೆಯದು ವಾಪಸು.

ಮಾರ್ಚ್ 9, ಸೋಮವಾರ

ಐದನೆಯದನ್ನು ಒಪ್ಪಿದ್ದರು, ಇವತ್ತು ಬಿಡುಗಡೆಯಾಯಿತು. ಎಂಬತ್ತು ಸಾಲು ಕರಗಿ ಕೊನೆಗೆ ಉಳಿದದ್ದು ಒಂದು ಸಾಲು. ಎದ್ದು ಹೋಗುವಾಗ ಟವೆಲ್ ತೆಗೆದುಕೊಂಡು ಹೋಗು, ಅಷ್ಟೆ. ಮೇಲೆ ‘ಬರೆದವರು: ಅನುರಾಧಾ’. ಲೋಕದ ಎಲ್ಲ ಯಂತ್ರಗಳಿಗೂ ಹೋಗುತ್ತದೆ.

ಶಂಭುಲಿಂಗಪ್ಪನವರು ಪೇಢೆ ತರಿಸಿದರು. ನನ್ನ ಹೆಸರಿದ್ದ ಪುಟವನ್ನು ಪ್ರಿಂಟ್ ಮಾಡಿಸಿ ಬಾಗಿಲಿಗೆ ಅಂಟಿಸಿದರು. ಅಪ್ಪ ಮಾನ್ವಿಯಿಂದ ಫೋನ್ ಮಾಡಿ, ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿದೆ ಅಂದ. ಯಾಸ್ಮೀನ್ ಅಕ್ಕ ಬೆನ್ನು ತಟ್ಟಿದಳು. ಪೇಢೆ ತಿನ್ನಲಿಲ್ಲ, ರೋಜಾ ಉಪವಾಸ ಅಂದಳು.

ನಾನೂ ತಿನ್ನಲಿಲ್ಲ. ನನಗೇನೂ ರೋಜಾ ಇಲ್ಲ.

ಮಾರ್ಚ್ 12, ಗುರುವಾರ

ಶಂಭುಲಿಂಗಪ್ಪನವರು ಮಾತಿಗೆ ತಪ್ಪಲಿಲ್ಲ. ಬಹಿರಂಗದ ಕಾಗದ ಹಿಡಿದು ನನ್ನನ್ನು ಕರೆದುಕೊಂಡು ದೇವದುರ್ಗಕ್ಕೆ ನಡೆದರು. ಅಧಿಕಾರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಒಂಬತ್ತನೇ ತಾರೀಕಿಂದು.”

“ಹೌದ್ರಿ.”

“ಆದೇಶ ಎರಡಕ್ಕ ಆಗ್ಯದ. ಆವತ್ತ ಇವರೇ ಬಂದು ದೋಷ ಇಲ್ಲ ಅಂತ ಸಹಿ ಹಾಕ್ಯಾರ. ನನ್ನ ಕೈಯಾಗ ಏನೂ ಇಲ್ರಿ ಅಪ್ಪಾರ. ಮ್ಯಾಲ ಅಪೀಲ್ ಹಾಕಲಿ. ಒಂದು ವಾರ ಮೊದಲ ತಂದಿದ್ರ ನಾನೇ ಹರದು ಒಗೀತಿದ್ದೆ.”

ಹೊಸ ವಾಟರ್‌ಮನ್ ಬಂದಾಗಿದೆ. ಮಾರೆಪ್ಪನ ಮನೆಗೆ ಹೋದೆವು, ಬೀಗ ಇತ್ತು. ಗಂಡ, ಹೆಂಡತಿ, ಮಗಳು ಮೂವರೂ ಹೈದರಾಬಾದಿನ ಕಡೆ ಕಟ್ಟಡದ ಕೆಲಸಕ್ಕೆ ಹೋದರು ಎಂದು ಪಕ್ಕದ ಮನೆಯ ಕರೆಮ್ಮ ಹೇಳಿದಳು. ಅಪೀಲ್ ಎಂದರೆ ಏನು ಎಂದೂ ಕೇಳಿದಳು. ಶಂಭುಲಿಂಗಪ್ಪನವರು ಹೇಳುತ್ತ ಹೋದರು. ಅರ್ಧಕ್ಕೇ ಆಕೆ ಎಮ್ಮೆ ಬಂತೆಂದು ಎದ್ದು ಹೋದಳು.

ನಮ್ಮ ಅರವತ್ತನಾಲ್ಕು ಡಬ್ಬಿಗಳಿಗೆ ಆ ಒಂದು ಸಾಲು ಇನ್ನೂ ಹೋಗಿಲ್ಲ. ಅವುಗಳಲ್ಲಿರುವ ಕರ್ನಲ್ ಹಳೆಯದು. ಚಿಪ್ ಮಾರಿದವರು ಹೊಸದು ಕೊಡುವುದಿಲ್ಲ ಎಂದಿದ್ದಾರೆ. ಒಂದೊಂದು ಊರಿಗೂ ಹೋಗಿ ಕೈಯಿಂದ ಹಾಕಬೇಕು. ಮಲ್ಲಟ ಊರಿನಿಂದ ಶುರು ಮಾಡು ಎಂದು ಶಂಭುಲಿಂಗಪ್ಪನವರು ಹೇಳಿದ್ದಾರೆ. ಈ ವಾರದ ಹೊಸ ತೂತುಗಳ ಪಟ್ಟಿಯೂ ಬಂದಿದೆ, ನೂರ ಮೂವತ್ತೊಂದು. ಹತ್ತಿ ಬಿಡಿಸಿದ ಹಾಗೆ: ಸಾಲಿನ ತುದಿ ಮುಟ್ಟಿ ತಿರುಗಿದರೆ ಹಿಂದೆ ಮತ್ತೆ ಬಿಳುಪು.

ಮಾರ್ಚ್ 13, ಶುಕ್ರವಾರ

ಯಾಸ್ಮೀನ್ ಅಕ್ಕ ಏನೂ ಕೇಳಿಲ್ಲ. ಆದರೂ ಬರೆದಿಡುತ್ತೇನೆ. ಇಲ್ಲಿಯೂ ಸುಳ್ಳೇ ಬರೆದಿದ್ದೆ.

ಫೆಬ್ರವರಿ ಹದಿನಾರರ ಪಂಡಿತರ ಉತ್ತರದಲ್ಲಿ ವ್ರತದ ಮಾತೇ ಇರಲಿಲ್ಲ. ‘ತೂತು ನಿಜ. ತೇಪೆ ಸಿದ್ಧವಿದೆ, ಲಗತ್ತಿಸಿದ್ದೇವೆ. ಈ ವಾರವೇ ಬಿಡುತ್ತೇವೆ. ಕಂಡುಹಿಡಿದವರೆಂದು ನಿಮ್ಮ ಹೆಸರು ಹಾಕುತ್ತೇವೆ. ನೀವೇ ಬರೆಯಬೇಕೆಂದಿದ್ದರೆ ಹೇಳಿ, ಕಾಯುತ್ತೇವೆ’ ಎಂದಿತ್ತು. ಕಂಡುಹಿಡಿದವರ ಸಾಲು ಕೆಳಗೆ, ಸಣ್ಣದಾಗಿ ಇರುತ್ತದೆ. ಬರೆದವರದು ಮೇಲೆ. ಮಾರ್ಚ್ ಒಂಬತ್ತರ ತನಕ ಕಾಯಿರಿ, ಅಲ್ಲಿಯ ತನಕ ಯಾರಿಗೂ ತಿಳಿಯದಿರಲಿ ಎಂದು ನಾನೇ ಬರೆದೆ. ಜಲ್ದಿ ಬಿಡಿ ಎಂದು ಒಮ್ಮೆಯೂ ಕೇಳಲಿಲ್ಲ.

ಅವರ ಲಗತ್ತನ್ನು ಇವತ್ತು ತೆರೆದೆ. ಒಂದೇ ಸಾಲಿತ್ತು. ನನ್ನದೇ ಸಾಲು.